ಕಂಡಕ್ಟರ್ ನೀಲಮ್ಮನ ಮನೆಯ ನಿದ್ದೆ

ನಾನು ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ಬಂದ ನರ್ಸ್ ಹುಡುಗಿ ರೇಣುಕಾ ಆಗಾಗ ಫೋನು ಮಾಡುತ್ತಾಳೆ. ಲಸಿಕೆ, ಹೆರಿಗೆ, ರಕ್ತದೊತ್ತಡ, ಇವುಗಳ ಬಗ್ಗೆ ಅವಳು ನನ್ನನ್ನು ಏನೂ ಕೇಳುವುದಿಲ್ಲ. ಅದೆಲ್ಲ ನನಗಿಂತ ಚೆನ್ನಾಗಿ ಕಲಿತು ಬಂದಿದ್ದಾಳೆ. ಅವಳನ್ನು ಕಂಗಾಲು ಮಾಡುವ ಪ್ರಶ್ನೆ ಒಂದೇ. "ಸಿಸ್ಟರ್, ಕೂಸು ರಾತ್ರಿ ಮಲಗವಲ್ದು ಅಂತ ಬರ್ತಾರ್ರಿ. ಕೂಸು ನೋಡಿದ್ರ ಗುಂಡಕಲ್ಲಿನಂಗ ಐತಿ. ಏನ್ ಹೇಳ್ಲಿರಿ ಅವರಿಗೆ?"

ಇದಕ್ಕೆ ಮಾತ್ರೆ ಇಲ್ಲ, ಸೂಜಿ ಇಲ್ಲ, ಇಲಾಖೆಯ ಸುತ್ತೋಲೆಯೂ ಇಲ್ಲ. ಆದ್ದರಿಂದಲೇ ಬರೆಯಲು ಕುಳಿತಿದ್ದೇನೆ. ನಾನು ಇರಕಲ್ಲಗಡದಲ್ಲಿ ಕೆಲಸ ಶುರುಮಾಡಿ, ಗಂಗಾವತಿಯ ಕ್ಯಾಂಪುಗಳಲ್ಲಿ ತಿರುಗಿ, ಮಂಗಳೂರಿನಲ್ಲಿ ಕೆಲವು ವರ್ಷ ಇದ್ದು, ಕುಷ್ಟಗಿಯಲ್ಲಿ ಮುಗಿಸಿದವಳು. ಮಂಗಳೂರು ಎಂದ ಕೂಡಲೇ ಸಮುದ್ರ, ಮೀನು ಎಂದು ಬಾಯಲ್ಲಿ ನೀರು ತರಬೇಡಿ; ನಾನು ಹೇಳುವುದು ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಬಡ್ತಿ ಯಾವಾಗ ಬಂತು, ಯಾರು ತಡೆದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಓದಿದರೆ ಕೂಸು ಮಲಗುವುದಿಲ್ಲ, ನೀವು ಮಲಗಿಬಿಡುತ್ತೀರಿ. ನೀಲಮ್ಮನ ಕಥೆ ಹೇಳುತ್ತೇನೆ.

ನೀಲಮ್ಮ ಕುಷ್ಟಗಿಯಿಂದ ಯಲಬುರ್ಗಾಕ್ಕೆ ಹೋಗುವ ಸರ್ಕಾರಿ ಬಸ್ಸಿನ ಕಂಡಕ್ಟರ್. ಅವಳ ಹೆರಿಗೆ ನನ್ನ ಕಣ್ಣೆದುರೇ ಆಗಿತ್ತು. ಒಂದು ದಿನ ಲಸಿಕೆಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಅವಳ ಬಸ್ಸು ಹತ್ತಿದೆ. ಹುಡುಗಿ ಕಂಬಕ್ಕೆ ಒರಗಿ ನಿಂತೇ ತೂಕಡಿಸುತ್ತಿದ್ದಳು. ನಾನು ಇಳಿಯಬೇಕಾದ ಊರಿನ ಕ್ರಾಸ್ ಬಂತು, ಹೋಯಿತು. ಸೀಟಿ ಊದಬೇಕಾದವಳು ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೊಡೆಯುತ್ತಿದ್ದಳು. ಅಷ್ಟರಲ್ಲಿ ಮುಂದಿನ ಸೀಟಿನಲ್ಲಿದ್ದ ದೊಡ್ಡ ಮೀಸೆಯ ಯಜಮಾನರೊಬ್ಬರು ಕೈಯಲ್ಲಿನ ಟಿಕೇಟನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಕೂಗಿದರು.

"ಯವ್ವಾ ತಂಗಿ, ಇದು ಹೆಣ್ಣಮಕ್ಕಳ ಪುಕ್ಕಟ ಟಿಕೇಟ ಐತೆಲ್ಲ! ನನ್ನ ಮೀಸಿ ಕಾಣಲಿಲ್ಲೇನು ನಿನಗ?"

ಬಸ್ಸಿಗೆ ಬಸ್ಸೇ ನಕ್ಕಿತು. ನೀಲಮ್ಮ ನಗಲಿಲ್ಲ, ಅವಳ ಕಣ್ಣಲ್ಲಿ ನೀರು ಬಂತು. ಯಲಬುರ್ಗಾ ನಿಲ್ದಾಣದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿಕೊಂಡಳು. ಕೂಸಿಗೆ ಎಂಟು ತಿಂಗಳು. ಹೆರಿಗೆ ರಜೆ ಮುಗಿದು ಕೆಲಸಕ್ಕೆ ಬಂದಂದಿನಿಂದ ಅವನು ರಾತ್ರಿಯೆಲ್ಲ ಏಳುತ್ತಾನೆ, ಎದ್ದಾಗಲೆಲ್ಲ ಮೊಲೆ ಬೇಕು. ಇಂಥದೇ ತಪ್ಪಿಗೆ ಮೇಲಿನವರು ಈಗಾಗಲೇ ಒಮ್ಮೆ ಕರೆದು ಬೈದಿದ್ದಾರೆ, ಇನ್ನೊಮ್ಮೆ ಆದರೆ ಮನೆಗೆ ಕಳಿಸುತ್ತೇವೆ ಎಂದಿದ್ದಾರೆ.

"ನಮ್ಮ ಅತ್ತಿ ಹಾಲು ಬಿಡಿಸಿ ಬಾಟ್ಲಿ ಹಚ್ಚು ಅಂತಾರ್ರಿ. ನಮ್ಮವ್ವ ನೌಕರಿ ಬಿಡು ಅಂತಾಳ್ರಿ. ನನಗ ಎರಡೂ ಬೇಕ್ರಿ ಸಿಸ್ಟರ್. ಕೂಸಿಗೆ ನನ್ನ ಹಾಲೂ ಬೇಕು, ನನಗ ಈ ನೌಕರಿನೂ ಬೇಕು. ಹೆಂಗರೆ ಮಾಡಿ ನಂಗ ಒಂದೀಟು ನಿದ್ದಿ ಕೊಡಸ್ರಿ."

ನನ್ನಿಂದ ಏನೇನೋ ಕೇಳಿದವರಿದ್ದಾರೆ, ನಿದ್ದೆ ಕೊಡಿಸಿ ಎಂದವಳು ಇವಳೊಬ್ಬಳೇ. ಆಗಲಿ ಎಂದು ಒಪ್ಪಿಕೊಂಡೆ. ಒಪ್ಪಿಕೊಳ್ಳುವುದು ನನ್ನ ಸ್ವಭಾವ, ಆಮೇಲೆ ತಲೆ ಕೆರೆದುಕೊಳ್ಳುವುದೂ ನನ್ನ ಸ್ವಭಾವವೇ.

ಮಾರನೆಯ ದಿನವೇ ಅವರ ಮನೆಗೆ ಹೋದೆ. ಮನೆಯಲ್ಲಿ ಇದ್ದವರು ಅತ್ತೆ ದ್ಯಾಮವ್ವ, ಮಗ ಶರಣಪ್ಪ, ಸೊಸೆ ನೀಲಮ್ಮ, ಮೊಮ್ಮಗ ಸಮರ್ಥ. ದ್ಯಾಮವ್ವ ಹೊಲಗಳಲ್ಲಿ ಹತ್ತಿ ಹೂವಿಗೆ ಕ್ರಾಸಿಂಗ್ ಮಾಡುವ ಕೂಲಿಗೆ ಹೋಗಿ ಮಕ್ಕಳನ್ನು ಬೆಳೆಸಿದವಳು. ಹೂವಿನ ಗಂಡು ಭಾಗವನ್ನು ಉಗುರಿನಿಂದ ಬಿಡಿಸಿ, ಬೇರೆ ಹೂವಿನ ಪರಾಗ ಮುಟ್ಟಿಸುವ ನಾಜೂಕಿನ ಕೆಲಸ ಅದು. ಶರಣಪ್ಪ ಬೀಜದ ಕಂಪನಿಯೊಂದರಲ್ಲಿ ಹೊಲ ನೋಡಿಕೊಳ್ಳುವ ಕೆಲಸಕ್ಕಿದ್ದ. ಪಡಸಾಲೆಯಲ್ಲಿ ಜಂತಿಯಿಂದ ಇಳಿಬಿಟ್ಟ ಮರದ ತೊಟ್ಟಿಲಿನಲ್ಲಿ ಸಮರ್ಥ ಕಾಲು ಬಡಿಯುತ್ತ ನನ್ನನ್ನು ನೋಡಿ ನಕ್ಕ. ಹೊಟ್ಟೆ ಮುಟ್ಟಿದೆ, ಕಿವಿ ನೋಡಿದೆ, ತೂಕ ನೋಡಿದೆ. ಎಲ್ಲ ಸರಿಯಾಗಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಡಾಕ್ಟರರೊಬ್ಬರು ಕೂಸಿಗೆ ಗಡಿಯಾರ ನೋಡಿ ಹಾಲು ಕೊಡಿಸಬೇಕು ಎಂದು ಕಲಿಸಿದ್ದರು. ಭಾರಿ ಶಿಸ್ತಿನ ಮನುಷ್ಯ, ಚಹಾ ಕೂಡ ಗಡಿಯಾರ ನೋಡಿಯೇ ಕುಡಿಯುತ್ತಿದ್ದರು. ನಾನು ಇರಕಲ್ಲಗಡದ ಮುದುಕಿಯೊಬ್ಬಳಿಗೆ ಅದನ್ನೇ ಹೇಳಿದಾಗ ಆಕೆ, "ನಮ್ಮ ಮನ್ಯಾಗ ಗಡಿಯಾರ ಇಲ್ಲವಾ. ಕೂಸಿಗೆ ಗೊತ್ತಾಗ್ತೈತಿ, ಅದನ್ನ ಕೇಳು" ಎಂದಿದ್ದಳು. ಮುಂದೆ ಇಲಾಖೆಯೂ ಕೂಸು ಕೇಳಿದಾಗ ಕೊಡಿ ಎಂದೇ ಹೇಳತೊಡಗಿತು. ಡಾಕ್ಟರರು ಅದನ್ನೂ ಅಷ್ಟೇ ಶಿಸ್ತಿನಿಂದ ಕಲಿಸಿದರು.

ಹಾಗಾದರೆ ಸಮರ್ಥ ಹಗಲು ಯಾವಾಗ ಕೇಳುತ್ತಾನೆ, ಕೇಳಿದಾಗ ಅಮ್ಮ ಎಲ್ಲಿರುತ್ತಾಳೆ? ಅದನ್ನೇ ವಿಚಾರಿಸಿದೆ. ನಸುಕಿನಲ್ಲಿ ಹಾಲು ಕೊಟ್ಟು ನೀಲಮ್ಮ ಡ್ಯೂಟಿಗೆ ಹೋದರೆ ಬರುವುದು ಸಂಜೆಗೆ. ನಡುವೆ ದ್ಯಾಮವ್ವ ರಾಗಿ ಅಂಬಲಿ, ಅನ್ನ ಬೇಳೆ ಕಲಸಿ ತಿನ್ನಿಸುತ್ತಾಳೆ. ಕೂಸು ಎರಡು ತುತ್ತು ತಿಂದು ತುಟಿ ಬಿಗಿಯುತ್ತದೆ. ಅಮ್ಮನ ದಾರಿ ಕಾಯುತ್ತದೆ. ಹಗಲಿನ ಲೆಕ್ಕವನ್ನೆಲ್ಲ ರಾತ್ರಿ ತೀರಿಸಿಕೊಳ್ಳುತ್ತದೆ.

ಇದನ್ನು ನಾನು ಗಂಗಾವತಿ ಕಡೆ ಭತ್ತದ ನಾಟಿಯ ಕಾಲದಲ್ಲಿ ಕಂಡಿದ್ದೆ. ಅಲ್ಲಿ ಹುಲಿಗೆಮ್ಮ ಎಂಬ ಕೂಲಿಯವಳು ಕೂಸನ್ನು ಮುದುಕಿಯ ಹತ್ತಿರ ಬಿಟ್ಟು ದಿನವಿಡೀ ಕೆಸರಿನಲ್ಲಿ ನಿಲ್ಲುತ್ತಿದ್ದಳು. ಹಾಲು ತುಂಬಿ ಎದೆ ಕಟ್ಟಿ ನೋವು ಬೇರೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಕೂಸನ್ನು ಟಂಟಂ ಆಟೋದಲ್ಲಿ ಬದುವಿಗೇ ತರಿಸುವ ವ್ಯವಸ್ಥೆ ಮಾಡಿದೆ. ಗದ್ದೆಯ ಯಜಮಾನರು ಆಂಧ್ರದಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದ ತೆಲುಗಿನವರು; ನಾಟಿ ನಿಂತುಹೋಗುತ್ತದೆ ಎಂದು ಗೊಣಗಿದರು. ಅವರ ಹೆಂಡತಿಯೇ ಅವರ ಬಾಯಿ ಮುಚ್ಚಿಸಿದಳು. "ಏಮಂಡಿ, ಗದ್ದೆ ಸ್ವಲ್ಪ ಕಾಯ್ತದೆ, ಕೂಸು ಕಾಯಲ್ಲ" ಎಂದಳು. ಹಗಲು ಹೊಟ್ಟೆ ತುಂಬಿದ ಮೇಲೆ ಹುಲಿಗೆಮ್ಮನ ಕೂಸು ರಾತ್ರಿ ಒಂದೋ ಎರಡೋ ಸಲ ಎದ್ದು ಸುಮ್ಮನಾಗುತ್ತಿತ್ತು. ಅಷ್ಟು ಏಳುವುದು ಹಾಲು ಕುಡಿಯುವ ಕೂಸಿನ ಧರ್ಮ. ಇಡೀ ರಾತ್ರಿ ಏಳದೆ ಮಲಗುವಂತೆ ಮಾಡುತ್ತೇನೆ ಎಂದು ಯಾರಾದರೂ ನಿಮಗೆ ಹೇಳಿದರೆ ಅವರು ಏನೋ ಮಾರಲು ಬಂದವರು ಎಂದು ತಿಳಿಯಿರಿ.

ಅದೇ ಉಪಾಯವನ್ನು ಇಲ್ಲೂ ಹೂಡಿದೆ. ನೀಲಮ್ಮನ ಬಸ್ಸು ಮಧ್ಯಾಹ್ನ ಕುಷ್ಟಗಿಗೆ ಬಂದು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಆ ಹೊತ್ತಿಗೆ ದ್ಯಾಮವ್ವ ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಲ್ದಾಣಕ್ಕೆ ಬರಬೇಕು, ಹೆಂಗಸರ ಕೋಣೆಯಲ್ಲಿ ಕೂಸು ಹಾಲು ಕುಡಿಯಬೇಕು. ಡ್ರೈವರ್ ಒಳ್ಳೆಯವನು. ಪ್ರಯಾಣಿಕರು ಗಡಿಬಿಡಿ ಮಾಡಿದರೆ, "ಮ್ಯಾನೇಜರ್ ಸಾಹೇಬ್ರು ಊಟಕ್ಕ ಕುಂತಾರ, ಎದ್ದ ಕೂಡ್ಲೇ ಬಿಡ್ತೀನಿ" ಎನ್ನುತ್ತಿದ್ದ. ಮ್ಯಾನೇಜರ್ ಎಂದರೆ ನಮ್ಮ ಸಮರ್ಥ.

ಇದರಿಂದ ಕೊಂಚ ಗುಣ ಕಂಡಿತು. ಆದರೂ ಮುಗಿಯಲಿಲ್ಲ. ರಾತ್ರಿ ಎದ್ದಾಗ ಅವನು ಮೊದಲಿನಂತೆ ಹೊಟ್ಟೆ ತುಂಬ ಕುಡಿಯುತ್ತಿರಲಿಲ್ಲ, ಎರಡು ಗುಟುಕು ಚೀಪಿ ಬಿಡುತ್ತಿದ್ದ. ಹಸಿವಿಲ್ಲದಿದ್ದರೂ ಏಳುತ್ತಿದ್ದ. ನೀಲಮ್ಮನ ಕಣ್ಣಿನ ಕೆಳಗಿನ ಕಪ್ಪು ಹಾಗೆಯೇ ಇತ್ತು.

ಈಗ ಶರಣಪ್ಪನಿಗೆ ಬುದ್ಧಿ ಓಡಿತು. ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನೋಡಿದ್ದ. ಕೂಸನ್ನು ಕೋಣೆಯಲ್ಲಿ ಒಂದೇ ಮಲಗಿಸಿ ಹೊರಗೆ ಬನ್ನಿ, ಅತ್ತರೂ ಹೋಗಬೇಡಿ, ತಾನೇ ಅತ್ತು ಅತ್ತು ಮಲಗುವುದನ್ನು ಕಲಿಯುತ್ತದೆ, ಎಂದು. ದ್ಯಾಮವ್ವ ಸಂತೆಗೆ ಹೋದ ಸಂಜೆ ನೋಡಿ ಗಂಡ ಹೆಂಡತಿ ಅದನ್ನು ಮಾಡಿದರು. ಅದು ಯಾವ ದೇಶದ ಉಪಾಯವೋ, ಅಲ್ಲಿಯ ಮನೆಗಳು ದೂರ ದೂರ ಇರಬೇಕು. ನಮ್ಮ ಓಣಿಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಸಮರ್ಥ ಮೊದಲ ರಾಗ ತೆಗೆದ ಕೂಡಲೇ ಎಡಗಡೆಯ ಮನೆಯವಳು ಅಜವಾನದ ನೀರು ಹಿಡಿದು ಬಂದಳು. ಬಲಗಡೆಯವಳು ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ತಂದಳು. ಎದುರಿನ ಮನೆಯ ಮುದುಕ, ಒಳಗೆ ಗಂಡ ಹೆಂಡತಿ ಬಡಿದಾಡುತ್ತಿದ್ದಾರೆ ಎಂದು ತಿಳಿದು ಬಡಿಗೆ ಊರಿಕೊಂಡು ನ್ಯಾಯ ಮಾಡಲು ಬಂದ. ಬಾಗಿಲಲ್ಲಿ ಕೈಕಟ್ಟಿ ನಿಂತ ಶರಣಪ್ಪ, "ಕೂಸಿಗೆ ಮಲಗೂದು ಕಲಸಾಕತ್ತೀವಿ" ಎಂದದ್ದಕ್ಕೆ ಮುದುಕ, "ಮೊದಲ ನೀ ಅಪ್ಪ ಆಗೂದು ಕಲಿ" ಎಂದು ಒಳನುಗ್ಗಿ ಕೂಸನ್ನು ಎತ್ತಿಕೊಂಡ. ಆ ಮುದುಕನಿಗೆ ಇಲಾಖೆಯ ಸನ್ಮಾನ ಆಗಬೇಕಿತ್ತು.

ಮರುದಿನ ಸುದ್ದಿ ಕೇಳಿ ಸಂಜೆ ನಾನು ಹೋದಾಗ ದ್ಯಾಮವ್ವ ಜಾಜಿಕಾಯಿ ಮತ್ತು ತೇಯುವ ಕಲ್ಲು ತೆಗೆದು ಇಟ್ಟಿದ್ದಳು. "ಇದನ್ನ ತೇದು ಬೆರಳಿಲೆ ನೆಕ್ಕಸ್ತೀನಿ ನರ್ಸಬಾಯಿ. ಮುಂಜಾನಿತನ ಕಣ್ಣ ತೆರೆಯಾಂಗಿಲ್ಲ."

ನಾನು ಆ ಕಲ್ಲನ್ನು ಎತ್ತಿ ಮೂಲೆಗಿಟ್ಟೆ. ಮಂಗಳೂರಿನಲ್ಲಿ ಹೀಗೆಯೇ ಜಾಜಿಕಾಯಿ, ಗಸಗಸೆ ಎರಡನ್ನೂ ತೇಯ್ದು ನೆಕ್ಕಿಸಿದ ಒಂದು ಕೂಸು ಎರಡನೆಯ ದಿನವೂ ಕಣ್ಣು ಬಿಟ್ಟಿರಲಿಲ್ಲ. ಮನೆಯವರು ಪಾಪ, ಕೂಸು ಎಷ್ಟು ಚೆನ್ನಾಗಿ ಮಲಗಿದೆ ಎಂದು ಹಿಗ್ಗುತ್ತಿದ್ದರು. ನಾನು ಎತ್ತಿಕೊಂಡರೆ ಕೈಕಾಲು ಜೋತುಬಿದ್ದವು, ಮೊಲೆಗೆ ಹಚ್ಚಿದರೆ ಚೀಪಲಿಲ್ಲ. ಸಿಕ್ಕ ಜೀಪಿನಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಗೆ ಓಡಿದೆವು. ಕೂಸು ಉಳಿಯಿತು. ಆ ದಾರಿಯುದ್ದಕ್ಕೂ ನಾನು ಪಟ್ಟ ಭಯವನ್ನು ಇಂದಿಗೂ ಮರೆತಿಲ್ಲ. ಇದನ್ನು ದ್ಯಾಮವ್ವನಿಗೆ ಹೇಳಿದೆ. ಅವಳು ಜಾಜಿಕಾಯಿಯನ್ನು ಮಸಾಲೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು.

"ಅಂದ್ರ ಬಾಟ್ಲಿನ ಗತಿ" ಎಂದಳು. "ಬರೂ ಸ್ವಾಮಾರ ನಾನ ಹೋಗಿ ಡಬ್ಬಿ ಪುಡಿ ತರ್ತೀನಿ. ಸೊಸಿ ಬಸ್ನ್ಯಾಗ ಬಿದ್ದು ಕೈಕಾಲು ಮುರಕೊಂಡ್ರ ಏನ್ ಮಾಡೂನು?"

ಅವಳ ಮಾತು ಕೆಟ್ಟದ್ದಲ್ಲ, ಅದರಲ್ಲಿ ಪ್ರೀತಿಯೇ ಇತ್ತು. ಆದರೆ ಒಳಗೆ ನಿಂತಿದ್ದ ನೀಲಮ್ಮನ ಮುಖ ಬಾಡಿದ್ದನ್ನು ನಾನು ನೋಡಿದೆ. ಡಬ್ಬಿ ಪುಡಿ ಕುಡಿದ ಕೂಸೂ ರಾತ್ರಿ ಏಳುತ್ತದೆ ಎಂದು ಹೇಳಿದೆ. ದ್ಯಾಮವ್ವ ನಂಬಲಿಲ್ಲ. ಸೋಮವಾರದವರೆಗೆ ತಡೆಯಿರಿ ಎಂದು ಬೇಡಿಕೊಂಡು, ನೀಲಮ್ಮನ ವಾರದ ರಜೆಯ ದಿನ ಮಧ್ಯಾಹ್ನ ಮತ್ತೆ ಹೋದೆ.

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರೇ, ಇಲ್ಲಿ ಒಂದು ಮಾತು. ಬಾಯಿ ಮುಚ್ಚಿಕೊಂಡು ಕೂಡುವುದನ್ನು ನಮಗೆ ಯಾವ ತರಬೇತಿಯಲ್ಲೂ ಕಲಿಸಲಿಲ್ಲ. ನಾನಂತೂ ಮಾತಿನ ಮಲ್ಲಿ. ಅಂದು ಮಾತಾಡಲು ಯಾರೂ ಇರಲಿಲ್ಲ ಎಂದೇ ಸುಮ್ಮನೆ ಕುಳಿತೆ. ಉಂಡ ಮೇಲೆ ಮನೆಯೆಲ್ಲ ಮಲಗಿತ್ತು. ನೀಲಮ್ಮ ಚಾಪೆಯ ಮೇಲೆ, ಸಮರ್ಥ ತೊಟ್ಟಿಲಲ್ಲಿ, ದ್ಯಾಮವ್ವ ಆಚೆ ಗೋಡೆಯ ಹೊರಸಿನ ಮೇಲೆ. ತೊಟ್ಟಿಲಿಗೆ ಕಟ್ಟಿದ ಉದ್ದನೆಯ ಹಗ್ಗದ ತುದಿ ದ್ಯಾಮವ್ವನ ಕಾಲ್ಬೆರಳಿಗೆ ಸುತ್ತಿಕೊಂಡಿತ್ತು. ನಮ್ಮ ಕಡೆ ಇದು ಹೊಸದೇನಲ್ಲ, ಕೈಗೆ ಬೇರೆ ಕೆಲಸವಿದ್ದಾಗ ಕಾಲಿನಿಂದ ತೂಗುವುದು ಎಲ್ಲ ಮುದುಕಿಯರಿಗೂ ರೂಢಿ. ಇಷ್ಟು ದಿನ ನಾನೂ ಆ ಹಗ್ಗವನ್ನು ನೋಡಿ ನೋಡದಂತೆ ದಾಟಿಕೊಂಡು ಹೋಗಿದ್ದೆ.

ಸಮರ್ಥ ನಿದ್ದೆಯಲ್ಲಿ ಒಮ್ಮೆ ಮಿಸುಕಾಡಿದ, ಮೂಗಿನಿಂದ ಸಣ್ಣಗೆ ಮುಲುಗಿದ. ಕೂಸುಗಳು ಹಾಗೆಯೇ. ನಿದ್ದೆಯಲ್ಲೇ ಮುಲುಗುತ್ತವೆ, ತುಟಿ ಚೀಪುತ್ತವೆ, ಅರೆಗಣ್ಣು ಬಿಡುತ್ತವೆ. ಅದು ಎದ್ದದ್ದಲ್ಲ, ನಾವು ಮಗ್ಗಲು ಬದಲಿಸುವುದಿಲ್ಲವೇ ಹಾಗೆ. ಬಿಟ್ಟರೆ ತಾವೇ ಮತ್ತೆ ಮಲಗುತ್ತವೆ. ಆದರೆ ಆ ಮುಲುಗು ಕೇಳಿದ್ದೇ ತಡ, ಗೊರಕೆ ಹೊಡೆಯುತ್ತಿದ್ದ ದ್ಯಾಮವ್ವನ ಕಾಲು ತಾನಾಗಿಯೇ ಜಗ್ಗಿತು. ಕಣ್ಣು ಮುಚ್ಚಿಯೇ ಇತ್ತು. ತೊಟ್ಟಿಲು ಗಕ್ಕನೆ ಅಲುಗಿತು. ಜೊತೆಗೆ ನಿದ್ದೆಯಲ್ಲೇ ದೊಡ್ಡ ದನಿಯಲ್ಲಿ "ಜೋ ಜೋ ಜೋ ನನ ರಾಜಾ" ಎಂದಳು. ಸಮರ್ಥ ಪಿಳಿಪಿಳಿ ಕಣ್ಣು ಬಿಟ್ಟ. ಅವನು ಅತ್ತ ಕೂಡಲೇ ನೀಲಮ್ಮ ಧಡಕ್ಕನೆ ಎದ್ದು ಕೂತು, ಇನ್ನೂ ಎಚ್ಚರವಾಗದೆಯೇ ಅವನನ್ನು ಎತ್ತಿ ಎದೆಗೆ ಹಚ್ಚಿಕೊಂಡಳು.

ನನಗೆ ನಗು ತಡೆಯಲಾಗಲಿಲ್ಲ. ಕೂಸು ಅಜ್ಜಿಯನ್ನು ಎಬ್ಬಿಸುತ್ತಿಲ್ಲ, ಅಜ್ಜಿಯೇ ಕೂಸನ್ನು ಎಬ್ಬಿಸುತ್ತಿದ್ದಾಳೆ!

ಜಾಣತನದಿಂದ ಹೇಳಬೇಕಿತ್ತು. ನನಗೆ ಆ ಜಾಣತನ ಎಂದೂ ಇಲ್ಲ. ಚಹಾ ಕುಡಿಯುತ್ತ ನೇರವಾಗಿ ಹೇಳಿಬಿಟ್ಟೆ. "ದ್ಯಾಮವ್ವಾ, ರಾತ್ರಿ ಹಗ್ಗ ಬಿಟ್ಟು ಮಲಕ್ಕೋರಿ. ನೀವು ಎಳಿಯೂದಕ್ಕ ಕೂಸು ಏಳಾಕತ್ತೈತಿ."

ದ್ಯಾಮವ್ವ ಕಪ್ಪನ್ನು ಕೆಳಗಿಟ್ಟಳು. "ನಾಕು ಮನಿ ಕೂಸು ತೂಗೀನಿ ನರ್ಸಬಾಯಿ. ನಾ ತೂಗಿದ್ದಕ್ಕ ಮಲಗ್ಯಾವ, ಎದ್ದಿಲ್ಲ. ನಾ ಬಿಟ್ರ ಯಾರ ತೂಗಾವ್ರು? ನಿಮ್ಮ ದವಾಖಾನಿಯವರು ಬರ್ತಾರೇನು ರಾತ್ರಿಗೆ?" ಎಂದು ಒಳಗೆ ಹೋದವಳು ನಾನು ಏಳುವವರೆಗೂ ಹೊರಗೆ ಬರಲಿಲ್ಲ.

ಚಹಾದ ಹೊತ್ತಿಗೆ ಹೊಲದಿಂದ ಬಂದು ಎಲ್ಲ ಕೇಳಿಸಿಕೊಂಡಿದ್ದ ಶರಣಪ್ಪ ನನ್ನನ್ನು ಬಾಗಿಲವರೆಗೆ ಬಿಡಲು ಬಂದು, ತಲೆ ತಗ್ಗಿಸಿಕೊಂಡು ಹೇಳಿದ. "ಅವ್ವಗ ಬ್ಯಾಡ ಅನ್ನಾಕ ಆಗೂದಿಲ್ರಿ ಸಿಸ್ಟರ್. ದುಡಿಯೂದು ಬಿಟ್ಟಮ್ಯಾಲೆ ಆಕಿಗೆ ಅದೊಂದ ಕೆಲಸ ಉಳದೈತಿ."

ಆಗ ನನಗೆ ಹೊಳೆಯಿತು. "ಬ್ಯಾಡ ಅನ್ನಬ್ಯಾಡ. ಹಗ್ಗ ಆಕಿ ಕಾಲಾಗ ಇರ್ಲಿ. ಆಕಿ ಮಲಗಿದ ಮ್ಯಾಲೆ ಈ ಕಡಿ ತುದಿ ತೊಟ್ಲದಿಂದ ಬಿಚ್ಚಿ ಕಂಬಕ್ಕ ಕಟ್ಟು. ಮುಂಜಾನೆ ಮೊದಲಿನಂಗ ಮಾಡಿಬಿಡು" ಎಂದೆ. ಶರಣಪ್ಪ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ನೀಲಮ್ಮನಿಗೂ ಹೇಳಿಕೊಟ್ಟೆ: ತೊಟ್ಟಿಲಲ್ಲಿ ತುರುಕಿದ ದಿಂಬು, ಕೌದಿ ತೆಗೆ. ಕೂಸು ಮುಲುಗಿದರೆ ಎತ್ತಬೇಡ, ಕೊಂಚ ತಡೆ. ಬೇಕಾದರೆ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಡು. ನಿಜವಾಗಿ ಎದ್ದು ಅತ್ತರೆ ಹಾಲು ಕೊಡು. ದೊಡ್ಡ ದೀಪ ಹಚ್ಚಬೇಡ, ಮುದ್ದು ಮಾತು ಬೇಡ, ಅವೆಲ್ಲ ಹಗಲಿಗಿರಲಿ.

ಸೋಮವಾರ ದಾಟಿತು. ಡಬ್ಬಿ ಪುಡಿ ಬರಲಿಲ್ಲ. ಇನ್ನೂ ಕೆಲವು ದಿನ ಬಿಟ್ಟು ನಾನು ಬಸ್ಸು ಹತ್ತಿದರೆ ನೀಲಮ್ಮ ಮಲ್ಲಿಗೆ ಮುಡಿದು, ಬಾಗಿಲಲ್ಲಿ ನೆಟ್ಟಗೆ ನಿಂತಿದ್ದಳು. "ಒಂದ ಸಲ ಏಳ್ತಾನ್ರಿ, ಒಮ್ಮೊಮ್ಮೆ ಎರಡು. ಹೊಟ್ಟಿ ತುಂಬ ಕುಡೀತಾನ, ಹಂಗ ಮಲಗ್ತಾನ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ನನ್ನ ಕ್ರಾಸ್ ಬಂದಾಗ ಅವಳು ಊದಿದ ಸೀಟಿಗೆ ಡ್ರೈವರ್ ಬೆಚ್ಚಿಬಿದ್ದ. "ಈಕಿ ತೂಕಡಸೂದಾ ಛಲೋ ಇತ್ರಿ, ನನ್ನ ಕಿವಿ ಉಳಿದಿದ್ವು" ಎಂದ. ಮೇಲಿನವರು ಮತ್ತೆ ಅವಳನ್ನು ಕರೆಯಲಿಲ್ಲ. ಹಾಲೂ ಉಳಿಯಿತು, ನೌಕರಿಯೂ ಉಳಿಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅಂದು ಲಸಿಕೆ ಹಾಕಿಸಿಕೊಂಡ ಕೂಸುಗಳು ಅತ್ತದ್ದೂ ನನಗೆ ಹಾಡಿನ ಹಾಗೆ ಕೇಳಿಸಿತು.

ಒಂದೇ ಚಿಂತೆ ಇತ್ತು. ದ್ಯಾಮವ್ವ ನನ್ನ ಮೇಲೆ ಮುನಿಸಿಕೊಂಡಿದ್ದಳು, ಮೇಲಾಗಿ ಅವಳಿಗೆ ನಾವು ಮೋಸವನ್ನೂ ಮಾಡಿದ್ದೆವು. ಒಂದು ಬೆಳಗ್ಗೆ ಹೋದೆ. ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಮೊರದಲ್ಲಿ ಜೋಳ ಹಸನು ಮಾಡುತ್ತ, ಪಕ್ಕದಲ್ಲಿ ಅಂಬೆಗಾಲಿಡುವ ಮೊಮ್ಮಗನನ್ನು ಕಾಲಿನಿಂದ ತಡೆಯುತ್ತ ಕುಳಿತಿದ್ದಳು.

"ಬರ್ರಿ ನರ್ಸಬಾಯಿ. ಕಂಬಕ್ಕ ಹಗ್ಗ ಕಟ್ಟಸ್ದಾಕಿ ನೀವ ಹೌದಿಲ್ಲೋ?"

ಸಿಕ್ಕಿಬಿದ್ದೆನೆಂದು ಅವಳ ಪಕ್ಕದಲ್ಲೇ ಕುಳಿತೆ. "ಯಾವಾಗ ಗೊತ್ತಾತ್ರಿ?"

"ಮೊದಲನೇ ರಾತ್ರಿನ. ತೊಟ್ಲ ಎಳದ್ರ ಬರ್ತೈತಿ, ಹೋಗ್ತೈತಿ. ಇದು ಎಳದ್ರ ಹಟಮಾರಿ ಎತ್ತಿನಂಗ ನಿಂತೈತಿ. ಹೂವಿನ ಎಸಳು ಬಿಡಿಸಿ ಕ್ರಾಸಿಂಗ್ ಮಾಡ್ದಾಕಿ ನಾನು. ನನಗಷ್ಟು ಗೊತ್ತಾಗೂದಿಲ್ಲೇನು?"

"ಮತ್ತ ಸುಮ್ಮನ ಯಾಕ ಇದ್ರಿ?"

ದ್ಯಾಮವ್ವ ಮೊರ ಕೆಳಗಿಟ್ಟಳು. "ಎದ್ದು ಬೈಬೇಕಂತ ಕುಂತೆ. ಕೂಸು ಕುಂಯ್ ಅಂತು, ತಾನ ಸುಮ್ಮನಾತು. ಅಷ್ಟರಾಗ ಸೊಸಿ ಗೊರಕಿ ಕೇಳಿಸ್ತು. ನನಗ ಮೂರು ಮಕ್ಕಳು ನರ್ಸಬಾಯಿ. ದುಡದು ಬಂದು, ಕುಟ್ಟಿ ಬೀಸಿ, ರಾತ್ರಿ ಕೂಸು ಹಿಡಕೊಂಡು ಕುಂಡ್ರೂದು. ನಮ್ಮತ್ತಿ ಒಂದ ದಿನ ನನಗ ಮಲಕ್ಕೋ ಅನ್ನಲಿಲ್ಲ. ಆ ಹುಡುಗಿ ಮಲಗಿದ್ದು ನೋಡಿ ನನಗ ಬೈಯಾಕ ಬಾಯಿ ಬರಲಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಹೂವು ಬಿಡಿಸಿ ಬಿಡಿಸಿ ಉಗುರು ಸವೆದ ಕೈ. ಆಮೇಲೆ ಕೇಳಿದೆ. "ಗೊತ್ತಾದ ಮ್ಯಾಲೂ ದಿನಾ ರಾತ್ರಿ ಕಾಲಿಗೆ ಕಟಗೊಂಡು ಎಳೀತೀರಂತಲ್ಲ, ಯಾಕ?"

"ಎಳೀಬೇಕ್ರಿ" ಎಂದಳು ದ್ಯಾಮವ್ವ, ಮೊಮ್ಮಗನ ಬಾಯಿಂದ ಜೋಳದ ಕಾಳು ತೆಗೆಯುತ್ತ. "ನನ್ನ ಮಗ ಒಂದ ಕಣ್ಣ ತೆರದು ನನ್ನ ಕಾಲ ನೋಡ್ಕೊಂತ ಬಿದ್ದಿರ್ತಾನ. ಅವ್ವಗ ತಿಳೀತೇನೋ ಅಂತ ಅವಂಗ ಚಿಂತಿ. ನಾ ಎರಡ ಸಲ ಎಳದ್ನೆಪಾ ಅಂದ್ರ ಅಂವನೂ ಮಲಗ್ತಾನ."